ಹೆಣ್ಣುಮಕ್ಕಳಲ್ಲಿ ಅತಿಯಾದ ಕೂದಲು: ಚೀಟಿಯಲ್ಲಿ ಕಾಯಿಲೆಯ ಹೆಸರು ಇರಲಿ



ಮೇಲ್ದುಟಿ, ಗದ್ದ, ಎದೆ, ಹೊಟ್ಟೆ, ಬೆನ್ನು ಮುಂತಾದ ಕಡೆ ಗಂಡಸರಿಗೆ ಬೆಳೆಯುವ ಹಾಗೆ ಕಪ್ಪಾದ, ಒರಟಾದ ಕೂದಲು ಹೆಂಗಸರಿಗೆ ಬೆಳೆದರೆ ಅದನ್ನು ವೈದ್ಯರು ಹರ್ಸುಟಿಸಂ ಎಂದು ಕರೆಯುತ್ತಾರೆ. ಮೈಮೇಲಿನ ನವಿರಾದ ಸಣ್ಣ ರೋಮ ಎಲ್ಲ ಹೆಂಗಸರಿಗೂ ಇರುತ್ತದೆ, ಅದು ಕಾಯಿಲೆಯಲ್ಲ. ಮುಂಗೈ ಮತ್ತು ಮೊಣಕಾಲಿನ ಕೆಳಗೆ ಮಾತ್ರ ಹೆಚ್ಚು ಕೂದಲಿದ್ದರೂ ಅದು ಹರ್ಸುಟಿಸಂ ಅಲ್ಲ. ಎಷ್ಟೋ ಹುಡುಗಿಯರು ಕೈಮೇಲಿನ ಕೂದಲನ್ನು ನೋಡಿಕೊಂಡೇ ಹೆದರಿರುತ್ತಾರೆ. ಅವರಿಗೆ ಇಷ್ಟು ಹೇಳಿದರೆ ಸಾಕು, ಅರ್ಧ ಕಾಯಿಲೆ ವಾಸಿ.

ಈ ಲೇಖನದಲ್ಲಿ ಔಷಧಿಯ ವಿಚಾರ ಕಡಿಮೆ, ಚೀಟಿಯ ವಿಚಾರ ಹೆಚ್ಚು. ಕಾರಣವಿದೆ. ಜ್ವರದ ಚೀಟಿ ಐದು ದಿನಕ್ಕೆ ಮುಗಿಯುತ್ತದೆ. ಇದು ಹಾಗಲ್ಲ. ಔಷಧಿ ಶುರುವಾದ ಮೇಲೆ ಕೂದಲಿನಲ್ಲಿ ವ್ಯತ್ಯಾಸ ಕಾಣಲು ಸುಮಾರು ಆರು ತಿಂಗಳು ಬೇಕು. ಅಷ್ಟರಲ್ಲಿ ಹುಡುಗಿ ಓದಲು ತುಮಕೂರಿಗೆ ಹೋಗಿರಬಹುದು, ಮದುವೆಯಾಗಿ ಬೇರೆ ತಾಲ್ಲೂಕು ಸೇರಿರಬಹುದು. ಸಿರಾದಲ್ಲಿ ತೋರಿಸಿದವರು ಮುಂದಿನ ಸಲ ಬೆಂಗಳೂರಿನಲ್ಲಿ ತೋರಿಸುತ್ತಾರೆ. ಪಾವಗಡದ ಕಡೆಯವರಿಗಂತೂ ಸುತ್ತ ಆಂಧ್ರದ ನೆಲ, ಹಿಂದೂಪುರ, ಅನಂತಪುರಕ್ಕೆ ಹೋಗುವುದು ಮಾಮೂಲು. ಊರು ಬದಲಾಗುತ್ತದೆ, ಡಾಕ್ಟರು ಬದಲಾಗುತ್ತಾರೆ, ಭಾಷೆಯೂ ಬದಲಾಗುತ್ತದೆ. ಜೊತೆಗೆ ಹೋಗುವುದು ಚೀಟಿಯೊಂದೇ.

ಕೋಡ್ ಎಂದರೇನು?

ನಿಮ್ಮ ಫೈಲಿನಲ್ಲಿ ಅಥವಾ ಡಿಸ್ಚಾರ್ಜ್ ಕಾರ್ಡಿನಲ್ಲಿ ಕಾಯಿಲೆಯ ಹೆಸರಿನ ಪಕ್ಕ ಒಂದು ಇಂಗ್ಲಿಷ್ ಅಕ್ಷರ, ಅದರ ಮುಂದೆ ಎರಡು ಅಂಕಿ, ಒಂದು ಚುಕ್ಕೆ, ಮತ್ತೊಂದು ಅಂಕಿ ಇರುವುದನ್ನು ನೋಡಿರಬಹುದು. ಅದೇ ಕೋಡ್. ರೈತರಿಗೆ ಇದನ್ನು ತಿಳಿಸುವುದು ಸುಲಭ. ನಿಮ್ಮ ಹೊಲಕ್ಕೆ ಊರಿನಲ್ಲಿ ಹುಣಸೆಮರದ ಹೊಲ ಎಂದೋ ಕೆರೆ ಕೆಳಗಿನ ಹೊಲ ಎಂದೋ ಹೆಸರಿರುತ್ತದೆ. ತಾಲ್ಲೂಕು ಕಚೇರಿಗೆ ಆ ಹೆಸರು ಗೊತ್ತಿಲ್ಲ, ಅಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾ ನಂಬರು ಹೇಳಬೇಕು. ಕಾಯಿಲೆಗೂ ಹಾಗೆಯೇ. ನಾವು ಮೀಸೆ ಕೂದಲು ಎನ್ನುತ್ತೇವೆ, ಪಾವಗಡದಲ್ಲಿ ತೆಲುಗಿನಲ್ಲಿ ಹೇಳುತ್ತಾರೆ, ವೈದ್ಯರು ಹರ್ಸುಟಿಸಂ ಎನ್ನುತ್ತಾರೆ. ದಾಖಲೆಯಲ್ಲಿ ಮಾತ್ರ ಅದು ಎಲ್ 68.0. ಅರವತ್ತೆಂಟು ಸರ್ವೆ ನಂಬರು, ಸೊನ್ನೆ ಹಿಸ್ಸಾ ಎಂದುಕೊಳ್ಳಿ. ಇದೇ ಸರ್ವೆ ನಂಬರಿನಲ್ಲಿ ಬೇರೆ ಹಿಸ್ಸಾಗಳೂ ಇವೆ. ಒಂದೇ ಜಾಗದಲ್ಲಿ ಮಾತ್ರ ಕೂದಲು ಹೆಚ್ಚಾದರೆ ಎಲ್ 68.2. ಯಾವ ಬಗೆ ಎಂದು ಬರೆಯದೆ ಬರೀ ಅತಿಯಾದ ಕೂದಲು ಎಂದಷ್ಟೇ ಬರೆದರೆ ಎಲ್ 68.9.

ಈ ಪಟ್ಟಿಯನ್ನು ಮಾಡಿರುವುದು ವಿಶ್ವ ಆರೋಗ್ಯ ಸಂಸ್ಥೆ. ಇದರ ಮೂಲ 1893ರಲ್ಲಿ ಸಿದ್ಧವಾದ ಸಾವಿನ ಕಾರಣಗಳ ಪಟ್ಟಿ. 1948ರಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಹತ್ತನೆಯ ಪರಿಷ್ಕರಣೆಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿದೆಯಾದರೂ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಇನ್ನೂ ಹೆಚ್ಚಾಗಿ ಕಾಣುವುದು ಹತ್ತನೆಯದೇ. ಇಲ್ಲಿ ಕೊಟ್ಟಿರುವ ಕೋಡ್‌ಗಳೂ ಅದರವೇ.

ಕೋಡ್ ಹಾಕುವವರು ವೈದ್ಯರಲ್ಲ, ದಾಖಲೆ ವಿಭಾಗದ ಸಿಬ್ಬಂದಿ. (ನಮ್ಮ ಜಿಲ್ಲೆಯಿಂದ ಬಿ.ಎಸ್ಸಿ. ಓದಿ ಬೆಂಗಳೂರಿಗೆ ಹೋದ ಮಕ್ಕಳು ಮೆಡಿಕಲ್ ಕೋಡಿಂಗ್ ಕೆಲಸ ಎನ್ನುತ್ತಾರಲ್ಲ, ಅದು ಇದೇ. ಅಲ್ಲಿ ಬಹುಪಾಲು ಅಮೆರಿಕದ ರೋಗಿಗಳ ಕಾಗದಕ್ಕೆ ಕೋಡ್ ಹಾಕುತ್ತಾರೆ.) ಇವರು ರೋಗಿಯನ್ನು ನೋಡುವುದಿಲ್ಲ, ವೈದ್ಯರು ಬರೆದದ್ದನ್ನು ಮಾತ್ರ ನೋಡುತ್ತಾರೆ. ಬರೆಯದೇ ಇರುವುದನ್ನು ಊಹಿಸುವ ಅಧಿಕಾರ ಅವರಿಗಿಲ್ಲ.

ಕೂದಲು ಒಂದೇ, ಕಾರಣ ಹಲವು

ಎಲ್ ಎಂಬ ಅಕ್ಷರ ಚರ್ಮದ ಕಾಯಿಲೆಗಳ ಅಧ್ಯಾಯಕ್ಕೆ ಸೇರಿದ್ದು. ಆದರೆ ಈ ಕೂದಲಿನ ಬೇರು ಅನೇಕ ಸಲ ಚರ್ಮದಲ್ಲಿರುವುದಿಲ್ಲ. ಹೆಣ್ಣಿನ ದೇಹದಲ್ಲಿಯೂ ಆಂಡ್ರೋಜನ್ ಎಂಬ ಗಂಡು ಹಾರ್ಮೋನು ಸ್ವಲ್ಪ ಇರುತ್ತದೆ. ಅದು ಹೆಚ್ಚಾದರೆ ಅಥವಾ ಕೂದಲಿನ ಬುಡ ಅದಕ್ಕೆ ಹೆಚ್ಚು ಸ್ಪಂದಿಸಿದರೆ ನವಿರು ರೋಮ ದಪ್ಪ ಕೂದಲಾಗುತ್ತದೆ. ಬಹುಪಾಲು ಜನರಲ್ಲಿ ಇದರ ಹಿಂದೆ ಇರುವುದು ಪಿಸಿಓಎಸ್, ನೀವೆಲ್ಲ ಪಿಸಿಓಡಿ ಎಂದು ಕೇಳಿರುವುದು. ಅದರ ಕೋಡ್ ಇ 28.2. ಇ ಎಂದರೆ ಗ್ರಂಥಿಗಳ ಮತ್ತು ಹಾರ್ಮೋನುಗಳ ಅಧ್ಯಾಯ. ಮುಟ್ಟು ಸರಿಯಾಗಿದ್ದು, ರಕ್ತ ಪರೀಕ್ಷೆಯೂ ಸರಿಯಿದ್ದು, ಕೂದಲು ಮಾತ್ರ ಹೆಚ್ಚಿದ್ದರೆ ಎಲ್ 68.0 ಒಂದೇ ಸಾಕಾಗಬಹುದು. ಕೆಲವರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟಿನಿಂದ ಬಂದ ದೋಷ ಇರುತ್ತದೆ. ತೀರಾ ಅಪರೂಪಕ್ಕೆ ಅಂಡಾಶಯದಲ್ಲಿ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ ಇರುತ್ತದೆ.

ಈ ಕೊನೆಯದನ್ನು ತಡ ಮಾಡಬಾರದು. ಕೂದಲು ವರ್ಷಗಟ್ಟಲೆ ನಿಧಾನವಾಗಿ ಬೆಳೆಯದೆ ಕೆಲವೇ ತಿಂಗಳಲ್ಲಿ ದಟ್ಟವಾದರೆ, ಧ್ವನಿ ಗಡಸಾದರೆ, ನೆತ್ತಿಯಲ್ಲಿ ಗಂಡಸರಂತೆ ಕೂದಲು ಉದುರಿದರೆ, ಮುಟ್ಟು ನಿಂತ ಮೇಲೆ ಹೊಸದಾಗಿ ಗದ್ದದಲ್ಲಿ ಒರಟು ಕೂದಲು ಬೇಗ ಬೆಳೆದರೆ ತಕ್ಷಣ ತೋರಿಸಿ. ಆದ್ದರಿಂದಲೇ ಎಂದಿನಿಂದ ಶುರುವಾಯಿತು ಎಂಬ ಒಂದು ಸಾಲು ಚೀಟಿಯಲ್ಲಿ ಬಹಳ ಮುಖ್ಯ. ಬಹಳ ದಿನದಿಂದ ಎಂದು ಹೇಳಬೇಡಿ. ಹತ್ತನೇ ಕ್ಲಾಸಿನಲ್ಲಿದ್ದಾಗ, ಮೊದಲ ಮಗುವಾದ ಮೇಲೆ, ಕಳೆದ ಯುಗಾದಿಯಿಂದ ಈಚೆಗೆ, ಹೀಗೆ ಹೇಳಿ. ವೈದ್ಯರು ಅದನ್ನು ಇಸವಿ, ತಿಂಗಳು ಮಾಡಿಕೊಳ್ಳುತ್ತಾರೆ.

ಮೂರು ಮಾತ್ರೆ, ಮೂರು ತಪ್ಪು ಹೆಸರು

ಈಗ ಮುಖ್ಯ ವಿಷಯಕ್ಕೆ ಬರೋಣ. ಮಧುಗಿರಿ ಕಡೆಯ ಒಂದು ಹಳ್ಳಿಯಲ್ಲಿ ಮದುವೆಯಾಗದ 19 ವರ್ಷದ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳಿ. ಗದ್ದದ ಮೇಲೆ ಕೂದಲು, ಮುಟ್ಟು ಮೂರು ತಿಂಗಳಿಗೊಮ್ಮೆ. ವೈದ್ಯರು ಸರಿಯಾಗಿಯೇ ಪರೀಕ್ಷಿಸಿ ಸರಿಯಾದ ಮಾತ್ರೆಯನ್ನೇ ಬರೆಯುತ್ತಾರೆ. ಆದರೆ ಹೊರಗೆ ಎಂಬತ್ತು ಜನ ಕಾಯುತ್ತಿದ್ದಾರೆ. ಚೀಟಿಯಲ್ಲಿ ಮಾತ್ರೆಯ ಹೆಸರು, ಎಷ್ಟು ದಿನ, ಯಾವಾಗ ಎಂಬುದಷ್ಟೇ ಇದೆ. ಕಾಯಿಲೆಯ ಹೆಸರಿಲ್ಲ.

ಅಣ್ಣ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗುತ್ತಾನೆ. ಅಂಗಡಿಯವರು ಡಬ್ಬಿ ತೆಗೆಯುತ್ತಾ, ಇದು ಮಕ್ಕಳಾಗದ ಹಾಗೆ ತೆಗೆದುಕೊಳ್ಳುವ ಮಾತ್ರೆ, ಯಾರಿಗೆ, ಎಂದು ಕೇಳುತ್ತಾರೆ. ಆಮೇಲೆ ಆ ಮನೆಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿಗೆ ಮಾತು, ಕೆಲವು ಕಡೆ ಏಟು. ಮಾತ್ರೆ ತಿಪ್ಪೆಗೆ.

ಆ ಮಾತ್ರೆಯನ್ನು ಕೊಟ್ಟದ್ದೇಕೆ? ಅದರಲ್ಲಿರುವ ಹೆಣ್ಣು ಹಾರ್ಮೋನುಗಳು ಅಂಡಾಶಯದಿಂದ ಬರುವ ಗಂಡು ಹಾರ್ಮೋನನ್ನು ಕಡಿಮೆ ಮಾಡುತ್ತವೆ. ರಕ್ತದಲ್ಲಿ ಅದನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಹೆಚ್ಚಿಸುತ್ತವೆ. ಮುಟ್ಟು ತಿಂಗಳಿಗೆ ಸರಿಯಾಗಿ ಬರುವಂತೆ ಮಾಡಿ ಗರ್ಭಕೋಶದ ಒಳಪದರ ಅತಿಯಾಗಿ ದಪ್ಪವಾಗದಂತೆ ಕಾಯುತ್ತವೆ. ಪಿಸಿಓಎಸ್ ಇರುವವರಲ್ಲಿ ಕೂದಲಿಗೂ ಮುಟ್ಟಿಗೂ ಜಗತ್ತಿನಾದ್ಯಂತ ಮೊದಲು ಯೋಚಿಸುವ ಔಷಧಿ ಇದೇ. ಮದುವೆಯಾಗಿದೆಯೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಎರಡನೆಯದು ಮೆಟ್‌ಫಾರ್ಮಿನ್. ಪಿಸಿಓಎಸ್‌ನಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕೊಡುತ್ತಾರೆ. ಮನೆಯಲ್ಲಿ ಅಜ್ಜನೂ ಅದೇ ಮಾತ್ರೆ ನುಂಗುತ್ತಿರುತ್ತಾರೆ. ಹುಡುಗಿಗೆ ಸಕ್ಕರೆ ಕಾಯಿಲೆಯಂತೆ ಎಂಬ ಸುದ್ದಿ ಗಂಡಿನ ಕಡೆಯವರಿಗೆ ತಲುಪಲು ಒಂದು ಸಂತೆ ದಿನ ಸಾಕು. ಮೂರನೆಯದು ಸ್ಪೈರನೊಲ್ಯಾಕ್ಟೋನ್. ಕೂದಲಿನ ಬುಡದಲ್ಲಿ ಗಂಡು ಹಾರ್ಮೋನು ಕೆಲಸ ಮಾಡದಂತೆ ತಡೆಯಲು ಕೊಡುತ್ತಾರೆ. ಮೂಲತಃ ಅದು ಮೈ ನೀರು ಇಳಿಸುವ, ರಕ್ತದೊತ್ತಡಕ್ಕೆ ಕೊಡುವ ಮಾತ್ರೆ. ಹೀಗೆ ಒಬ್ಬಳ ಚೀಟಿಯಲ್ಲಿ ಮೂರು ಮಾತ್ರೆ ಇದ್ದರೆ ಓದುವವರಿಗೆ ಮೂರು ಬೇರೆ ಕಾಯಿಲೆ ಕಾಣುತ್ತದೆ. ಅವಳಿಗೆ ನಿಜವಾಗಿ ಇರುವ ಕಾಯಿಲೆ ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ದಾಖಲೆಯಲ್ಲಿಯೂ ಇದೇ ಎಡವಟ್ಟು ಆಗಬಹುದು. ಗರ್ಭನಿರೋಧಕ ಮಾತ್ರೆಯ ಹೆಸರೊಂದೇ ಇದ್ದರೆ ಕಾಗದ ಜೆಡ್ 30ರ ಕಡೆ, ಅಂದರೆ ಕುಟುಂಬ ಯೋಜನೆಯ ಲೆಕ್ಕಕ್ಕೆ ಜಾರಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಇ 11, ಅಂದರೆ ಮಧುಮೇಹ. ಪಹಣಿಯಲ್ಲಿ ತಪ್ಪು ಹೆಸರು ಕೂತರೆ ತೆಗೆಸಲು ಎಷ್ಟು ಓಡಾಟ ಎಂದು ನಿಮಗೆ ಗೊತ್ತು.

ಆದ್ದರಿಂದ ವೈದ್ಯರ ಕೋಣೆಯಿಂದ ಏಳುವ ಮುಂಚೆ ಒಂದು ಮಾತು ಕೇಳಿ: "ಡಾಕ್ಟ್ರೇ, ಕಾಯಿಲೆ ಹೆಸರು ಚೀಟಿ ಮೇಲೆ ಬರೆದುಕೊಡಿ. ಈ ಮಾತ್ರೆ ಯಾತಕ್ಕೆ ಅಂತಾನೂ ಬರೀರಿ." ಕೇಳಲು ಸಂಕೋಚ ಬೇಡ, ಇದಕ್ಕೆ ಯಾವ ವೈದ್ಯರೂ ಬೇಸರ ಮಾಡಿಕೊಳ್ಳಬಾರದು. ಪಿಸಿಓಎಸ್, ಹರ್ಸುಟಿಸಂ, ಹಾರ್ಮೋನು ಸರಿಪಡಿಸಲು ಮಾತ್ರೆ ಎಂಬ ಒಂದು ಸಾಲು ಇದ್ದರೆ ಮನೆಯವರಿಗೂ ಅಂಗಡಿಯವರಿಗೂ ಮುಂದಿನ ವೈದ್ಯರಿಗೂ ಅದೇ ಉತ್ತರ.

ಇನ್ನೊಂದು ಭಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಇ 28.2 ಎಂದು ಬರೆದರೆ ಬಂಜೆ ಎಂದು ಬರೆದ ಹಾಗಲ್ಲ. ಬಂಜೆತನಕ್ಕೆ ಬೇರೆಯೇ ಕೋಡ್ ಇದೆ, ಎನ್ 97. ಪಿಸಿಓಎಸ್ ಇರುವ ಬಹಳಷ್ಟು ಹೆಂಗಸರಿಗೆ ಮಕ್ಕಳಾಗಿವೆ. ಕೆಲವರಿಗೆ ತಾನಾಗಿಯೇ, ಕೆಲವರಿಗೆ ಅಂಡಾಣು ಬಿಡುಗಡೆಗೆ ಕೊಡುವ ಮಾತ್ರೆಯ ಸಹಾಯದಿಂದ. ಹಾಗೆಯೇ ಪಿಸಿಓಎಸ್ ಎಂಬುದರ ಹಿಂದೆ ವೈದ್ಯರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರೆ ಅದು ಸಂಶಯ, ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಒಂದು ಚೀಟಿಯಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಆ ಚಿಹ್ನೆ ಬಿದ್ದುಹೋಗಿ ಸಂಶಯವೇ ಕಾಯಿಲೆಯಾಗಿಬಿಡುತ್ತದೆ. ಪರೀಕ್ಷೆಯ ವರದಿ ಬಂದ ಮೇಲೆ ಅದು ನಿಜವಾಯಿತೋ ಇಲ್ಲವೋ ಎಂದು ಕೇಳಿ ಬರೆಸಿಕೊಳ್ಳಿ.

ಕೂದಲಿಗೂ ಅಂಕ ಕೊಡುತ್ತಾರೆ

ಹೆಚ್ಚು, ಕಡಿಮೆ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಅದಕ್ಕಾಗಿ ಫೆರಿಮನ್ ಮತ್ತು ಗಾಲ್ವೆ ಎಂಬ ಇಬ್ಬರು 1961ರಲ್ಲಿ ಒಂದು ಅಳತೆ ಮಾಡಿದರು. ಈಗ ಬಳಕೆಯಲ್ಲಿರುವುದು ಅದರ 1981ರ ತಿದ್ದಿದ ರೂಪ. ಮೇಲ್ದುಟಿ, ಗದ್ದ, ಎದೆ, ಹೊಟ್ಟೆಯ ಮೇಲ್ಭಾಗ, ಕೆಳಭಾಗ, ಬೆನ್ನಿನ ಮೇಲ್ಭಾಗ, ಕೆಳಭಾಗ, ತೋಳು, ತೊಡೆ, ಹೀಗೆ ಒಂಬತ್ತು ಕಡೆ ನೋಡಿ ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ಒಟ್ಟು 36. ನಮ್ಮ ಹತ್ತನೇ ಕ್ಲಾಸಿನ ಅಂಕದಂತಲ್ಲ, ಇಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು. ಮೊದಲೆಲ್ಲ 8 ಅಥವಾ ಅದಕ್ಕಿಂತ ಹೆಚ್ಚಾದರೆ ಹರ್ಸುಟಿಸಂ ಎನ್ನುತ್ತಿದ್ದರು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಜನಾಂಗಕ್ಕೆ ತಕ್ಕಂತೆ 4ರಿಂದ 6ರಷ್ಟಿದ್ದರೂ ಗಮನಿಸಬೇಕು ಎನ್ನುತ್ತದೆ.

ಈ ಅಂಕವನ್ನು ಬರೆದಿಟ್ಟರೆ ಎರಡು ಲಾಭ. ಮೊದಲನೆಯದು, ಆರು ತಿಂಗಳ ನಂತರ ಔಷಧಿ ಕೆಲಸ ಮಾಡಿದೆಯೇ ಎಂದು ಹೋಲಿಸಿ ನೋಡಬಹುದು. ಇಲ್ಲದಿದ್ದರೆ, ಏನೂ ಕಡಿಮೆಯಾಗಿಲ್ಲ ಎಂದು ಬೇಸತ್ತು ಬಿಟ್ಟುಬಿಡುತ್ತೀರಿ. ಎರಡನೆಯದು ಖರ್ಚಿನ ವಿಷಯ. ಪಿಸಿಓಎಸ್ ಎಂದು ತೀರ್ಮಾನಿಸಲು ಮೂರು ಲಕ್ಷಣಗಳಲ್ಲಿ ಎರಡು ಇದ್ದರೆ ಸಾಕು ಎಂಬುದು 2003ರಿಂದ ನಡೆದುಬಂದಿರುವ ಕ್ರಮ: ಮುಟ್ಟಿನ ಏರುಪೇರು, ಗಂಡು ಹಾರ್ಮೋನು ಹೆಚ್ಚಿರುವ ಗುರುತು, ಸ್ಕ್ಯಾನಿಂಗಿನಲ್ಲಿ ಅಂಡಾಶಯದ ಬದಲಾವಣೆ. ಇಂಥದೇ ಲಕ್ಷಣ ತೋರಿಸುವ ಬೇರೆ ಕಾಯಿಲೆಗಳು ಇಲ್ಲ ಎಂದು ಖಚಿತಪಡಿಸಿಕೊಳ್ಳಬೇಕು, ಅಷ್ಟೆ. ಕೂದಲು ಎರಡನೆಯ ಗುರುತು. ಮುಟ್ಟಿನ ಲೆಕ್ಕ ಮತ್ತು ಕೂದಲಿನ ಅಂಕ ಎರಡೂ ಸರಿಯಾಗಿ ದಾಖಲಾಗಿದ್ದರೆ ಪಿಸಿಓಎಸ್ ತೀರ್ಮಾನಕ್ಕೆಂದೇ ಸ್ಕ್ಯಾನಿಂಗ್ ಬೇಕಾಗುವುದಿಲ್ಲ. ಹೊಸದಾಗಿ ದೊಡ್ಡವಳಾದ ಹುಡುಗಿಯರಲ್ಲಿ, ಮೈನೆರೆದು ಎಂಟು ವರ್ಷ ಆಗುವವರೆಗೆ, ಇದಕ್ಕಾಗಿ ಸ್ಕ್ಯಾನಿಂಗನ್ನು ನೆಚ್ಚಿಕೊಳ್ಳಬಾರದು ಎಂದೇ ಮಾರ್ಗಸೂಚಿ ಇದೆ. ಬೇರೆ ಕಾರಣಕ್ಕೆ ವೈದ್ಯರು ಹೇಳಿದರೆ ಮಾಡಿಸಿ. ಅದು ಬೇರೆ ಮಾತು.

ತೊಂದರೆ ಏನೆಂದರೆ, ಆಸ್ಪತ್ರೆಗೆ ಬರುವ ಹಿಂದಿನ ದಿನವೇ ಹೆಂಗಸರು ಎಲ್ಲವನ್ನೂ ತೆಗೆಸಿಕೊಂಡು ಬರುತ್ತಾರೆ. ನಾಚಿಕೆ ಅರ್ಥವಾಗುತ್ತದೆ, ಆದರೆ ವೈದ್ಯರಿಗೆ ಅಂಕ ಕೊಡಲು ಏನೂ ಉಳಿದಿರುವುದಿಲ್ಲ. ಸಾಧ್ಯವಾದರೆ ಕೆಲವು ದಿನ ಹಾಗೆಯೇ ಬಿಟ್ಟು ಬನ್ನಿ. ಆಗದಿದ್ದರೆ ಕೊನೆಯ ಸಲ ಯಾವಾಗ ತೆಗೆದದ್ದು, ಹೇಗೆ ತೆಗೆದದ್ದು, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ ಎಂದು ಹೇಳಿ ಬರೆಸಿ. ದಿನ ಬಿಟ್ಟು ದಿನ ತೆಗೆಯುತ್ತಿದ್ದವರು ಹತ್ತು ದಿನಕ್ಕೊಮ್ಮೆ ತೆಗೆದರೆ ಸಾಕು ಎನ್ನುವಂತಾದರೆ ಅದೂ ಒಳ್ಳೆಯ ಅಳತೆಯೇ. ಅಂದ ಹಾಗೆ, ಬ್ಲೇಡು ಹಾಕಿದರೆ ಕೂದಲು ದಪ್ಪವಾಗುತ್ತದೆ ಎಂಬುದು ಸುಳ್ಳು. ತುದಿ ಮೊಂಡಾಗುವುದರಿಂದ ಒರಟಾಗಿ ಕಾಣುತ್ತದೆ. ಅರಿಶಿನ ಹಚ್ಚುವವರು ಹಚ್ಚಿಕೊಳ್ಳಲಿ, ಆದರೆ ಒಳಗಿನ ಹಾರ್ಮೋನಿಗೆ ಅದು ಉತ್ತರವಲ್ಲ. ಪರೀಕ್ಷೆಯ ದಿನ ಮುಖ ತೊಳೆದು ಬಂದರೆ ನೋಡಲು ಅನುಕೂಲ.

ಮುಚ್ಚಿಡದೆ ಹೇಳಬೇಕಾದ ಔಷಧಿಗಳು

ಕೆಲವು ಔಷಧಿಗಳಿಂದಲೇ ಕೂದಲು ಬೆಳೆಯುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್, ತಲೆಗೂದಲಿಗೆ ಹಚ್ಚುವ ಮಿನಾಕ್ಸಿಡಿಲ್, ದೀರ್ಘಕಾಲ ತೆಗೆದುಕೊಂಡ ಸ್ಟೀರಾಯ್ಡ್ ಇವು ಉದಾಹರಣೆ. ಮೂರ್ಛೆಯ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ನೀವಾಗಿಯೇ ನಿಲ್ಲಿಸಬೇಡಿ. ಕೊರಟಗೆರೆಯ ಸಿದ್ಧರಬೆಟ್ಟದ ಗಿಡಮೂಲಿಕೆಗೆ ಹೆಸರಿದೆ, ನಾಟಿ ಔಷಧಿ ತೆಗೆದುಕೊಂಡವರು ನಮ್ಮ ಕಡೆ ಬಹಳ. ತೆಗೆದುಕೊಂಡಿದ್ದರೆ ಹೇಳಿ, ಯಾರೂ ಬಯ್ಯುವುದಿಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿಯಾದರೆ ಪೊಟ್ಟಣವನ್ನೇ ತಂದು ತೋರಿಸಿ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುವವರೂ ಹೇಳಬೇಕು, ಅದು ಕೆಲವು ಹಾರ್ಮೋನು ಪರೀಕ್ಷೆಗಳ ಫಲಿತಾಂಶವನ್ನೇ ಏರುಪೇರು ಮಾಡುತ್ತದೆ. ಗರ್ಭನಿರೋಧಕ ಮಾತ್ರೆ ಶುರು ಮಾಡಿದ ತಾರೀಖು ಚೀಟಿಯಲ್ಲಿರಬೇಕು. ಅದನ್ನು ತೆಗೆದುಕೊಳ್ಳುವಾಗ ಟೆಸ್ಟೋಸ್ಟಿರಾನ್ ಪರೀಕ್ಷೆ ಮಾಡಿಸಿದರೆ ನಿಜವಾದ ಮಟ್ಟ ತಿಳಿಯುವುದಿಲ್ಲ. ರಕ್ತದೊತ್ತಡ, ಅರೆತಲೆನೋವು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇವನ್ನೂ ಬರೆಸಿ, ಅಂಥವರಿಗೆ ಆ ಮಾತ್ರೆ ಆಗದಿರಬಹುದು.

ಜೊತೆಗೆ ಬಂದವರಿಗೆ

ತಾಯಿಯೋ ಅತ್ತೆಯೋ ಜೊತೆಗೆ ಬರುವುದು ಒಳ್ಳೆಯದೇ. ಆದರೆ ಮುಟ್ಟಿನ ಲೆಕ್ಕ, ಗರ್ಭದ ವಿಚಾರ ಕೇಳುವಾಗ ಉತ್ತರವನ್ನು ಹುಡುಗಿಯೇ ಹೇಳಲಿ. ಐದು ನಿಮಿಷ ನೀವು ಹೊರಗೆ ಕೂತರೆ ಅವಳು ಹೇಳುವ ಮಾತು ಬೇರೆಯೇ ಇರುತ್ತದೆ. ಮೈ ಪರೀಕ್ಷೆ ಮಾಡುವಾಗ ನರ್ಸಮ್ಮ ಜೊತೆಗಿರಲಿ ಎಂದು ಕೇಳಬಹುದು. ಹೋಲಿಕೆಗಾಗಿ ಫೋಟೋ ಬೇಕೆಂದರೆ ಅವಳು ಒಪ್ಪಿದ ಮೇಲೆಯೇ ತೆಗೆಯಬೇಕು, ಆಸ್ಪತ್ರೆಯ ದಾಖಲೆಗೇ ಹೋಗಬೇಕು. ಮನೆಯವರ ಮೊಬೈಲಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ರೋಗಿಯ ಗುಟ್ಟನ್ನು ಕಾಯುವುದು 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ವೈದ್ಯರ ಕರ್ತವ್ಯ. ಮದುವೆಯ ಮಾತುಕತೆಗೆ ಬಂದವರು ಕೇಳಿದರೆಂದು ಫೈಲು ತೆಗೆದು ತೋರಿಸುವ ಹಕ್ಕು ಯಾರಿಗೂ ಇಲ್ಲ.

ಆದರೆ ಮನೆಯವರು ಮಾಡಬಹುದಾದ ಒಂದು ದೊಡ್ಡ ಕೆಲಸವಿದೆ. ಮೀಸೆ ಬಂತು ಎಂದು ತಮಾಷೆ ಮಾಡುವವರ ಬಾಯಿ ಮುಚ್ಚಿಸಿ. ಕಾಲೇಜು ಬಿಟ್ಟ, ಜಾತ್ರೆಗೆ ಬಾರದ ಹುಡುಗಿಯರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ. ನಿದ್ದೆ, ಊಟ ಬಿಟ್ಟಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಅದೂ ಚೀಟಿಗೆ ಸೇರಬೇಕಾದ ವಿಷಯವೇ.

ಕಾರ್ಡು ಮತ್ತು ವಿಮೆ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡು, ಯಶಸ್ವಿನಿ ಕಾರ್ಡು ಇವು ಮುಖ್ಯವಾಗಿ ಒಳರೋಗಿಗಳ ಚಿಕಿತ್ಸೆಗೆ. ಕೂದಲಿನ ತೊಂದರೆಗೆ ಹೊರರೋಗಿಯಾಗಿ ಕೊಳ್ಳುವ ಮಾತ್ರೆಗೆ ಇವುಗಳಿಂದ ಹಣ ಸಿಗುತ್ತದೆಂದು ಎಣಿಸಬೇಡಿ. ಲೇಸರ್ ಚಿಕಿತ್ಸೆಯನ್ನು ವಿಮೆಯವರು ಸೌಂದರ್ಯದ ಲೆಕ್ಕಕ್ಕೆ ಹಾಕಿ ಸಾಮಾನ್ಯವಾಗಿ ತಳ್ಳಿಹಾಕುತ್ತಾರೆ. ಆದರೆ ಗೆಡ್ಡೆ ಕಂಡು ಶಸ್ತ್ರಚಿಕಿತ್ಸೆಗೆ ದಾಖಲಾಗಬೇಕಾಗಿ ಬಂದರೆ ಹಿಂದಿನ ಚೀಟಿಗಳಲ್ಲಿ ಎಂದಿನಿಂದ, ಏನೇನು ಪರೀಕ್ಷೆ ಎಂದು ಇರುವುದು ತುಂಬ ನೆರವಾಗುತ್ತದೆ. ಕೋಡ್ ಬದಲಿಸಿಕೊಡಿ, ಹಣ ಬರುವಂತೆ ಬರೆದುಕೊಡಿ ಎಂದು ಸಿಬ್ಬಂದಿಯನ್ನು ಕೇಳಬೇಡಿ. ಸುಳ್ಳು ಕಾಯಿಲೆ ಒಮ್ಮೆ ಹೆಸರಿಗೆ ಅಂಟಿಕೊಂಡರೆ ಮುಂದೆ ನಿಜವಾದ ಕಾಯಿಲೆಗೆ ವಿಮೆ ಕೇಳುವಾಗ ಅದೇ ಅಡ್ಡ ಬರುತ್ತದೆ.

ಪ್ರತಿ ಪಡೆಯುವುದು

ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು, ರೋಗಿ ಅಥವಾ ರೋಗಿಯ ಒಪ್ಪಿಗೆ ಪಡೆದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಅದೇ 2002ರ ನಿಯಮಗಳಲ್ಲಿದೆ. ಆ 3 ವರ್ಷದ ಮಾತು ಒಳರೋಗಿಗಳಿಗೆ. ಹೊರರೋಗಿಯ ಚೀಟಿಯನ್ನು ಕಾಯುವವರು ನೀವೇ, ಮತ್ತು ಈ ಕಾಯಿಲೆಯವರು ಬಹುತೇಕ ಹೊರರೋಗಿಗಳೇ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ತಾರೀಖಿನ ಪ್ರಕಾರ ಹಾಕಿಡಿ. ರಕ್ತ ಪರೀಕ್ಷೆಯ ಕಾಗದದ ಅಕ್ಷರ ದಿನ ಕಳೆದಂತೆ ಮಾಸುವುದುಂಟು, ಜೆರಾಕ್ಸ್ ಮಾಡಿಸಿ. ಹೆಸರು, ವಯಸ್ಸು ಎಲ್ಲ ಚೀಟಿಯಲ್ಲೂ ಒಂದೇ ರೀತಿ ಇರಲಿ. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು ಇದ್ದು ಎರಡು ಫೈಲಾಗಿರುವವರು ಬಹಳ. ಮದುವೆಯಾದವರು ಹಳೆಯ ನಂಬರನ್ನೇ ಮುಂದುವರಿಸಲು ಕೌಂಟರಿನಲ್ಲಿ ಹೇಳಿ. ಚೀಟಿಯಲ್ಲಿ ತಪ್ಪು ಕಂಡರೆ ನೀವೇ ಅಳಿಸಬೇಡಿ, ಮೇಲೆ ತಿದ್ದಬೇಡಿ. ವೈದ್ಯರು ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ ತಾರೀಖು ಹಾಕಿಕೊಡುತ್ತಾರೆ.

ಮದುವೆ ಗೊತ್ತಾದವರು, ಮಗು ಬೇಕೆಂದಿರುವವರು, ಮುಟ್ಟು ತಪ್ಪಿದವರು ಆ ವಿಷಯವನ್ನು ಮುಂದಿನ ಭೇಟಿಯವರೆಗೆ ಇಟ್ಟುಕೊಳ್ಳದೆ ಕೂಡಲೇ ತಿಳಿಸಿ. ಸ್ಪೈರನೊಲ್ಯಾಕ್ಟೋನ್ ಗರ್ಭಿಣಿಯರಿಗೆ ಆಗದು, ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ಅದರಿಂದ ತೊಂದರೆಯಾಗಬಹುದು. ಆ ಮಾತ್ರೆ ಬರೆದ ಚೀಟಿಯಲ್ಲಿಯೇ ಗರ್ಭ ನಿಂತರೆ ನಿಲ್ಲಿಸಬೇಕು ಎಂದು ಕನ್ನಡದಲ್ಲಿ, ಓದಲು ಬಾರದವರಾದರೆ ಮನೆಯಲ್ಲಿ ಓದಬಲ್ಲವರಿಗೆ ತಿಳಿಯುವಂತೆ, ಬರೆಸಿಕೊಂಡು ಹೋಗಿ.